ತೌಡು ಯಾರ ಪಾಲು?

ಆಟಿ ತಿಂಗಳ ಒಂದು ಬೆಳಗ್ಗೆ ಬಂಟ್ವಾಳ ತಾಲೂಕಿನ ಒಂದು ಸೊಸೈಟಿಯ ಎದುರು ನಾವು ನಿಂತಿದ್ದೆವು. ಜಡಿಮಳೆ. ಹೆಬ್ಬೆಟ್ಟು ಒತ್ತುವ ಯಂತ್ರಕ್ಕೆ ಸಿಗ್ನಲ್ ಸಿಗದೆ ಸಾಲು ನಿಂತಲ್ಲೇ ನಿಂತಿತ್ತು. ಬೀಡಿ ಕಟ್ಟಿ ಕಟ್ಟಿ ಬೆರಳಿನ ಗೆರೆ ಸವೆದುಹೋದ ಅಜ್ಜಿಯೊಬ್ಬರು ಚೀಲದಿಂದ ಒಂದು ಮುಷ್ಟಿ ಅಕ್ಕಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದರು. 'ಇದಕ್ಕೆ ಜೀವ ಇಲ್ಲ ಮಗಾ. ಗಂಜಿ ಮಾಡಿದ್ರೆ ಬರೀ ನೀರು. ಹತ್ತು ಗಂಟೆಗೆ ಉಂಡದ್ದು ಹನ್ನೊಂದಕ್ಕೆ ಇಲ್ಲ' ಅಂದರು.

ಅದೇ ವಾರ ಅದೇ ಪೇಟೆಯ ಸಭಾಭವನದಲ್ಲಿ 'ಆಟಿಡೊಂಜಿ ದಿನ' ನಡೆಯಿತು. ತಜಂಕಿನ ಪಲ್ಯ, ಕಣಿಲೆ, ಪತ್ರೊಡೆ, ಹಲಸಿನ ಬೀಜದ ಸಾರು, ಹುರುಳಿ ಚಟ್ನಿ, ಕಜೆ ಅಕ್ಕಿಯ ಗಂಜಿ. ಇಸ್ತ್ರಿ ಮಾಡಿದ ಬಟ್ಟೆಯವರು ಬಾಳೆ ಎಲೆಯ ಮುಂದೆ ಕೂತು ಫೋಟೋ ತೆಗೆಸಿಕೊಂಡರು. 'ನಮ್ಮ ಹಿರಿಯರ ಆಹಾರ ಎಷ್ಟು ವೈಜ್ಞಾನಿಕ!' ಎಂದು ಭಾಷಣವಾಯಿತು. ಕೈತಟ್ಟಿದರು.

ನಮಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಒಂದು ಪ್ರಶ್ನೆ ಮಾತ್ರ ಬಂತು. ಯಾವ ಹಿರಿಯರು ಮಾರಾಯ್ರೇ? ಆಟಿಯಲ್ಲಿ ತಜಂಕು ಕೊಯ್ದು ತಿಂದವರು ಅದನ್ನು ವಿಜ್ಞಾನ ಅಂತ ತಿನ್ನಲಿಲ್ಲ. ಕಣಜದಲ್ಲಿ ಅಕ್ಕಿ ಇಲ್ಲ ಅಂತ ತಿಂದರು. ಕಣಜ ಅವರದ್ದಾಗಿರಲೂ ಇಲ್ಲ. ಒಬ್ಬರ ಹಸಿವು ಇನ್ನೊಬ್ಬರ ಹಬ್ಬವಾಗುವುದಕ್ಕೆ ಎಷ್ಟು ವರ್ಷ ಬೇಕಾಯಿತು, ನಡುವೆ ಏನೇನು ನಡೆಯಿತು, ಅದರ ಲೆಕ್ಕ ನೋಡೋಣ ಅಂತ ಈ ಬರಹ.

1

2024ರ ಮೇ 8ರಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯನ್ನು ಹೊಸದಾಗಿ ಹೊರಡಿಸಿತು. ಮೊದಲು 1998ರಲ್ಲಿ, ಮತ್ತೆ 2011ರಲ್ಲಿ ಬಂದಿದ್ದನ್ನು ತಿದ್ದಿ ಬರೆದದ್ದು. ಒಟ್ಟು 17 ಸೂತ್ರಗಳು. ಸಾರ ಇಷ್ಟು: ಬಗೆಬಗೆಯ ಆಹಾರ ತಿನ್ನಿ, ಧಾನ್ಯವನ್ನು ಆದಷ್ಟು ಇಡಿಯಾಗಿ, ತೌಡು ಉಳಿಸಿಕೊಂಡು ತಿನ್ನಿ, ಸೊಪ್ಪು, ತರಕಾರಿ, ಬೇಳೆ, ಮೊಟ್ಟೆ, ಮೀನು ಹೆಚ್ಚಿಸಿ, ಸಕ್ಕರೆ, ಉಪ್ಪು, ಎಣ್ಣೆ ಕಡಿಮೆ ಮಾಡಿ, ಕಾರ್ಖಾನೆಯಲ್ಲಿ ಹತ್ತೆಂಟು ಸಲ ಅರೆದು, ಬಣ್ಣ ರುಚಿ ಸೇರಿಸಿ, ಪೊಟ್ಟಣ ಕಟ್ಟಿದ ಅತಿಸಂಸ್ಕರಿತ ಆಹಾರದಿಂದ ದೂರ ಇರಿ. ದೇಶದ ಒಟ್ಟು ರೋಗದ ಹೊರೆಯಲ್ಲಿ ಶೇಕಡ 56.4ಕ್ಕೆ ಕೆಟ್ಟ ಆಹಾರವೇ ಕಾರಣ ಅಂತ ಆ ಸಂಸ್ಥೆ ಹೇಳಿತು.

ಇದು ಒಂದೇ ದೇಶದ ಮಾತಲ್ಲ. ಬ್ರೆಜಿಲ್ ದೇಶ 2014ರಲ್ಲೇ ತನ್ನ ಜನರಿಗೆ ಹೀಗೆ ಹೇಳಿತ್ತು. ಆಹಾರವನ್ನು ಅದರಲ್ಲಿರುವ ಸತ್ವದಿಂದ ಮಾತ್ರವಲ್ಲ, ಅದನ್ನು ಎಷ್ಟು ಕೆಡಿಸಿ ಮಾರುತ್ತಾರೆ ಅನ್ನುವುದರಿಂದ ಅಳೆಯಬೇಕು ಎಂದವರು ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತವರ ಸಂಗಾತಿಗಳು. ಪೊಟ್ಟಣದ ತಿಂಡಿಯ ತವರುಮನೆಯಾದ ಅಮೆರಿಕವೇ 2026ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 'ನಿಜವಾದ ಆಹಾರ ತಿನ್ನಿ' ಎನ್ನುವ ಮಾತಿಗೆ ಬಂತು.

ಮಾತು ಸರಿಯೇ. ನಾವು ಅದನ್ನು ವಿರೋಧಿಸುವವರಲ್ಲ. ಆದರೆ ಮಾತು ಹೇಳುವವರು ಒಂದು ಚರಿತ್ರೆಯನ್ನು ನುಂಗಿಕೊಂಡು ಹೇಳುತ್ತಾರೆ. ಇಡಿ ಧಾನ್ಯ ತಿನ್ನಿ ಅಂತೀರಲ್ಲ, ಆ ಇಡಿಯನ್ನು ಒಡೆದವರು ಯಾರು? ಕುಟ್ಟಿದವರು ಯಾರು? ತೌಡು ಯಾರ ಪಾಲಿಗೆ ಹೋಯಿತು, ಅಕ್ಕಿ ಯಾರ ಪಾಲಿಗೆ?

2

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ. ನೇತ್ರಾವತಿಯ ದಡದಿಂದ ಘಟ್ಟದ ಬುಡದವರೆಗಿನ ಈ ಸೀಮೆಯಲ್ಲಿ ಗದ್ದೆಗೆ ಮೂರು ಜಾತಿ: ಬೈಲು, ಮಜಲು, ಬೆಟ್ಟು. ಬೆಳೆಗೆ ಮೂರು ಹೆಸರು: ಏಣಿಲು, ಸುಗ್ಗಿ, ಕೊಳಕೆ. ಮನುಷ್ಯರಿಗೆ ಮಾತ್ರ ಮೂರಲ್ಲ, ಮೆಟ್ಟಿಲಿಗೊಂದು ಹೆಸರು. ಮೇಲೆ ಮೂಲವರ್ಗದ ಧಣಿ, ದೇವಸ್ಥಾನ, ಬಸದಿ, ಮಠ. ಕೆಳಗೆ ಚಾಲಗೇಣಿಯ ಒಕ್ಕಲು. ಅದಕ್ಕೂ ಕೆಳಗೆ ಭೂಮಿಯ ಜೊತೆಗೇ ಲೆಕ್ಕಕ್ಕೆ ಬರುತ್ತಿದ್ದ ಮೂಲದಾಳು. ಎಲ್ಲಕ್ಕೂ ಕೆಳಗೆ, ಊರಿನ ಹೊರಗೆ, ಸೊಪ್ಪಿನ ಕೊಪ್ಪದಲ್ಲಿ ಕೊರಗರು.

1801ರ ಆರಂಭದಲ್ಲಿ ಕಂಪನಿ ಸರಕಾರದ ವೈದ್ಯ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ ದಾರಿಯಾಗಿ ಹೋದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈ ಸೀಮೆಯ ಮಣ್ಣು, ಬೀಜ, ತೆರಿಗೆ, ಎತ್ತು ಎಲ್ಲವನ್ನೂ ಬರೆದವನು ಗುಲಾಮರನ್ನೂ ಬರೆದ. ಅವರಿಗೆ ಅಳೆದು ಕೊಡುವ ಅಕ್ಕಿಯ ಲೆಕ್ಕವನ್ನೂ ಬರೆದ. ನಮ್ಮ ಅಜ್ಜಂದಿರ ಹೆಸರು ಯಾವ ಕಡತದಲ್ಲೂ ಇಲ್ಲ. ಅವರಿಗೆ ಕೊಟ್ಟ ಅಕ್ಕಿಯ ಅಳತೆ ಉಂಟು. ನಮ್ಮ ಚರಿತ್ರೆ ಶುರುವಾಗುವುದೇ ಹೀಗೆ, ಹೊಟ್ಟೆಯ ಲೆಕ್ಕದಿಂದ.

ಇಲ್ಲಿ ಗೇಣಿ ಕೊಡುತ್ತಿದ್ದದ್ದು ಮುಡಿ ಅಕ್ಕಿಯಲ್ಲಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಹಗ್ಗ ಬಿಗಿದು, ಚೆಂಡಿನ ಹಾಗೆ ಉರುಟಾಗಿ ಕಟ್ಟಿದ ಮುಡಿಯನ್ನು ಈಗ ಮ್ಯೂಸಿಯಮ್ಮಿನಲ್ಲೂ ಹೋಟೆಲಿನ ಬಾಗಿಲಲ್ಲೂ ಚಂದಕ್ಕೆ ಇಡುತ್ತಾರೆ. ನಮ್ಮವರಿಗೆ ಅದು ಚಂದದ ವಸ್ತು ಆಗಿರಲಿಲ್ಲ. ಭತ್ತ ಬೆಳೆದರೆ ಮುಗಿಯಲಿಲ್ಲ. ಬೇಯಿಸಿ, ಒಣಗಿಸಿ, ಕುಟ್ಟಿ, ಕೇರಿ, ಕಲ್ಲು ಹೆಕ್ಕಿ, ಅಕ್ಕಿ ಮಾಡಿ, ಮುಡಿ ಕಟ್ಟಿ, ಹೊತ್ತು ಧಣಿಯ ಚಾವಡಿಗೆ ಇಳಿಸಿದರೆ ಗೇಣಿ ಸಂದ ಹಾಗೆ. ಒಕ್ಕಲಿನ ಹೆಂಗಸರು, ಮೂಲದ ಹೆಂಗಸರು ಒನಕೆ ಹಿಡಿದು ನಿಂತರೆ ಕೋಳಿ ಕೂಗಿನಿಂದ ಹೊತ್ತು ಮುಳುಗುವವರೆಗೆ. ನೇಜಿ ನೆಡುವಾಗ ಹಾಡಿದ ಓಬೇಲೆಯನ್ನು ವಿದ್ವಾಂಸರು ಸಂಗ್ರಹಿಸಿದ್ದಾರೆ, ಒಳ್ಳೆಯದೇ. ಒನಕೆ ಹಿಡಿದ ಅಂಗೈಯ ಬೊಕ್ಕೆಯನ್ನು ಯಾರೂ ಸಂಗ್ರಹಿಸಲಿಲ್ಲ.

ಹೀಗೆ ಕುಟ್ಟಿದ ಅಕ್ಕಿ ಎಲ್ಲಿಗೆ ಹೋಯಿತು? ಬಂಟ್ವಾಳ ಆಗ ದೊಡ್ಡ ಪೇಟೆ. ಘಟ್ಟದ ಮೇಲಿನ ಸರಕು ಇಳಿಯುವ, ಕರಾವಳಿಯ ಸರಕು ಏರುವ ತಾಣ. ಬಂಟ್ವಾಳದಿಂದ ನೇತ್ರಾವತಿಯ ದೋಣಿಗಳಲ್ಲಿ ಸರಕು ಮಂಗಳೂರಿಗೆ, ಮಂಗಳೂರಿನಿಂದ ನಮ್ಮ ಜಿಲ್ಲೆಯ ಅಕ್ಕಿ ಮಲಬಾರಿಗೆ, ಗೋವೆಗೆ, ಅರಬ್ಬೀ ನಾಡಿಗೆ. ದಕ್ಷಿಣ ಕನ್ನಡ ಅಕ್ಕಿ ರಫ್ತು ಮಾಡುವ ಜಿಲ್ಲೆ ಅಂತ ಬ್ರಿಟಿಷರ ಗ್ಯಾಸೆಟಿಯರುಗಳು ಹೆಮ್ಮೆಯಿಂದ ಬರೆದವು. ಅಕ್ಕಿ ರಫ್ತಾಗುವ ಜಿಲ್ಲೆಯಲ್ಲಿ ಆಟಿ ತಿಂಗಳು ಬಂದರೆ ಅಕ್ಕಿ ಬೆಳೆದವನು ಗೆಣಸು, ಕೆಸು, ಹಲಸಿನ ಬೀಜ ಹುಡುಕಿಕೊಂಡು ಗುಡ್ಡ ಹತ್ತಬೇಕು. ತೌಡಿನ ರೊಟ್ಟಿ ತಟ್ಟಿ ತಿಂದ ದಿನಗಳನ್ನು ನಮ್ಮ ಹಿರಿಯರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ನಾಚಿಕೆ ಯಾರು ಪಡಬೇಕಿತ್ತೋ ಅವರು ಪಡಲಿಲ್ಲ. ತಿಂದವರು ಪಟ್ಟರು.

3

ಈಗ ಕುಚ್ಚಲಕ್ಕಿಯ ಮಾತು.

ಭತ್ತವನ್ನು ಹಂಡೆಯಲ್ಲಿ ನೀರು ಹಾಕಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟಿದರೆ ಕುಚ್ಚಲಕ್ಕಿ. ಬೇಯಿಸದೆ ಕುಟ್ಟಿದರೆ ಬೆಳ್ತಿಗೆ. ನಮ್ಮ ಸೀಮೆಯಲ್ಲಿ ಇವೆರಡು ಅಕ್ಕಿಗೂ ಜಾತಿ ಉಂಟು. ದೇವರ ನೈವೇದ್ಯಕ್ಕೆ, ಮಡಿಯ ಊಟಕ್ಕೆ ಬೆಳ್ತಿಗೆ. ಕುಚ್ಚಲಕ್ಕಿ ಒಮ್ಮೆ ಬೆಂದದ್ದು, ಆದ್ದರಿಂದ ಮಡಿಗೆ ಸಲ್ಲದು. ಗದ್ದೆಗೆ ಇಳಿಯುವವನ ಗಂಜಿಗೆ ಅದು ಆಗುತ್ತದೆ. ಕೆಂಪು ಅಕ್ಕಿ, ದಪ್ಪ ಅಕ್ಕಿ, ಕರಿ ಮೈಯವರ ಅಕ್ಕಿ.

ಅದೇ ಕಾಲಕ್ಕೆ ದೂರದ ಜಾವಾ ದ್ವೀಪದಲ್ಲಿ ಒಂದು ರೋಗ ಜನರನ್ನು ಕೊಲ್ಲುತ್ತಿತ್ತು. ಕಾಲು ಸೋಲುತ್ತದೆ, ನರ ಸಾಯುತ್ತದೆ, ಎದೆ ನಿಲ್ಲುತ್ತದೆ. ಹೆಸರು ಬೆರಿಬೆರಿ. 1890ರ ದಶಕದಲ್ಲಿ ಡಚ್ಚರ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಕೋಳಿಗಳನ್ನು ಗಮನಿಸಿದ. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ರೋಗ ಬರುತ್ತದೆ, ತೌಡು ಉಳಿದ ಅಕ್ಕಿ ತಿಂದವು ಗುಣವಾಗುತ್ತವೆ. ಮಲಯದ ತೋಟಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಮಿಲ್ಲಿನ ಬೆಳ್ತಿಗೆ ಅಕ್ಕಿ ಉಣ್ಣುವ ಚೀನೀ ಕೂಲಿಗಳಿಗೆ ಬೆರಿಬೆರಿ. ಬೇಯಿಸಿ ಕುಟ್ಟಿದ ಅಕ್ಕಿ ಉಣ್ಣುವ ತಮಿಳು ಕೂಲಿಗಳಿಗೆ ಇಲ್ಲ. 1912ರಲ್ಲಿ ಕ್ಯಾಸಿಮಿರ್ ಫಂಕ್ 'ವಿಟಮಿನ್' ಎನ್ನುವ ಹೆಸರು ಕಟ್ಟಿದ. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಹುಮಾನ ಬಂತು.

ನಮ್ಮ ದೇಶದಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ನೀಲಗಿರಿಯ ಕೂನೂರಿನ ಪಾಸ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆ ಶುರುಮಾಡಿದ. ಆ ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರು ಪಡೆಯಿತು. ಗೆಳೆಯರೆ, ಇದನ್ನು ಗಮನಿಸಿ. ಇವತ್ತು ದೇಶಕ್ಕೆ 17 ಸೂತ್ರ ಬರೆದುಕೊಟ್ಟ ಸಂಸ್ಥೆ ಹುಟ್ಟಿದ್ದೇ ತೌಡು ತೆಗೆದ ಅಕ್ಕಿಯ ರೋಗದಿಂದ. ನೂರು ವರ್ಷ ಕಳೆದರೂ ಅದು ಹೇಳಬೇಕಾದ ಮಾತು ಅದೇ ಆಗಿದೆ.

ಮೆಕ್ಯಾರಿಸನ್ ನಂತರ ಬಂದ ವ್ಯಾಲೇಸ್ ಅಯ್ಕ್ರಾಯ್ಡ್ ಮತ್ತು ಅವನ ಭಾರತೀಯ ಸಂಗಾತಿಗಳು 1940ರಲ್ಲಿ ಭಾರತದ ಅಕ್ಕಿಯ ಸಮಸ್ಯೆ ಕುರಿತು ಒಂದು ಪ್ರಬಂಧ ಹೊರತಂದರು. ಆಂಧ್ರದ ಉತ್ತರ ಕರಾವಳಿಯಲ್ಲಿ ಬೆರಿಬೆರಿ ಇತ್ತು. ಅಲ್ಲಿ ಮಿಲ್ಲಿನ ಬೆಳ್ತಿಗೆ ಉಣ್ಣುತ್ತಿದ್ದರು. ಕುಚ್ಚಲಕ್ಕಿ ಉಣ್ಣುವ ಸೀಮೆಗಳಲ್ಲಿ ಆ ರೋಗ ನೆಲೆಯೂರಲಿಲ್ಲ. ಕಾರಣ ಸರಳ. ಭತ್ತ ಬೇಯುವಾಗ ತೌಡಿನಲ್ಲಿರುವ ಬಿ ಒಂದು ವಿಟಮಿನ್ ನೀರಿನ ಜೊತೆ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಕುಟ್ಟಿದರೂ, ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ.

ಇದನ್ನು ಕಂಡುಹಿಡಿದವರು ಯಾರು? ಪ್ರಯೋಗಾಲಯ ಕಾರಣ ಹೇಳಿತು, ಅದಕ್ಕೆ ನಮ್ಮ ಗೌರವ ಉಂಟು. ವಿಜ್ಞಾನವನ್ನು ಬಯ್ಯುವುದು ನಮ್ಮ ಕೆಲಸವಲ್ಲ. ಆದರೆ ಕೆಲಸವನ್ನು ಕಂಡುಹಿಡಿದವರು, ಹಂಡೆಯ ಕೆಳಗೆ ಕಟ್ಟಿಗೆ ಒಟ್ಟಿ ಹೊಗೆಯಲ್ಲಿ ಕಣ್ಣುಜ್ಜಿಕೊಂಡ ಹೆಂಗಸರು. ಎಷ್ಟು ಬೆಂದರೆ ಭತ್ತ ಬಿರಿಯುತ್ತದೆ, ಎಷ್ಟು ಒಣಗಿದರೆ ಅಕ್ಕಿ ನುಚ್ಚಾಗುವುದಿಲ್ಲ, ಇದು ಅವರ ಬೆರಳ ತುದಿಯ ವಿದ್ಯೆ. ಮಡಿಗೆ ಸಲ್ಲದ ಆ ಅಕ್ಕಿ ಒಂದು ಸೀಮೆಯನ್ನೇ ರೋಗದಿಂದ ಕಾಯಿತು. ಮಡಿ ಉಟ್ಟವರಿಗೆ ಇದು ತಿಳಿದಿರಲಿಲ್ಲ, ತಿಳಿದ ಮೇಲೂ ಮಡಿ ಬಿಡಲಿಲ್ಲ.

4

ಹಾಗಾದರೆ ಒನಕೆಗೆ ಮರಳೋಣ ಅನ್ನುತ್ತೀರಾ? ಇಲ್ಲಿ ನಾವು ಜಾಗ್ರತೆಯಾಗಿ ಮಾತಾಡಬೇಕು.

1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದಾಗ ಕೈಯಲ್ಲಿ ಕುಟ್ಟಿದ ಅಕ್ಕಿಯ ಪ್ರಚಾರ ಅದರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಸ್ವಾತಂತ್ರ್ಯದ ನಂತರ 1958ರಲ್ಲಿ ಅಕ್ಕಿ ಮಿಲ್ಲುಗಳನ್ನು ಹದ್ದಿನಲ್ಲಿಡುವ ಕಾಯ್ದೆಯೂ ಬಂತು. ಲೈಸೆನ್ಸಿಲ್ಲದೆ ಮಿಲ್ಲು ಹಾಕುವಂತಿಲ್ಲ, ಕುಟ್ಟುವವರ ಕೆಲಸ ಉಳಿಯಬೇಕು ಎನ್ನುವ ಉದ್ದೇಶ. 1997ರಲ್ಲಿ ಆ ಕಾಯ್ದೆಯನ್ನೇ ರದ್ದುಮಾಡಿದರು. ಅಷ್ಟು ಹೊತ್ತಿಗೆ ಕಾಯಬೇಕಾದ ಒನಕೆ ಅಟ್ಟ ಸೇರಿ ಹುಳ ಹಿಡಿದಿತ್ತು.

ಒನಕೆ ಹೋದದ್ದಕ್ಕೆ ನಮ್ಮ ತಾಯಂದಿರು ಅತ್ತರೇ? ಇಲ್ಲ. ಬೆಳ್ತಂಗಡಿ ಕಡೆಯ ಒಬ್ಬ ತಾಯಿ ನಮಗೆ ಹೇಳಿದ್ದು ಇಷ್ಟೇ: 'ಕುಟ್ಟಿದ ಅಕ್ಕಿ ಒಳ್ಳೇದು ಅಂತ ಈಗ ಎಲ್ಲರೂ ಹೇಳ್ತಾರೆ. ಕುಟ್ಟಿದವಳ ಸೊಂಟ ಏನಾಯ್ತು ಅಂತ ಒಬ್ಬರೂ ಕೇಳುವುದಿಲ್ಲ.' ಊರಿಗೆ ಹಲ್ಲರ್ ಮಿಲ್ಲು ಬಂದದ್ದು ಅವರ ಪಾಲಿಗೆ ಬಿಡುಗಡೆ. ಅದನ್ನು ಬಿಡುಗಡೆ ಅಂತಲೇ ಬರೆಯಬೇಕು. ಹೆಂಗಸರ ಬೆನ್ನು ಮುರಿದು ಬರುವ ಆರೋಗ್ಯ ನಮಗೆ ಬೇಡ.

ಆದರೆ ಬಿಡುಗಡೆಯ ಜೊತೆಗೆ ಒಂದು ಕಳವೂ ನಡೆಯಿತು. ಸಣ್ಣ ಮಿಲ್ಲು ಉಮಿ ತೆಗೆದು ಅಷ್ಟಿಷ್ಟು ತೌಡು ಉಳಿಸುತ್ತಿತ್ತು. ದೊಡ್ಡ ಮಿಲ್ಲು ಬಂದು ಅಕ್ಕಿಯನ್ನು ಮಲ್ಲಿಗೆ ಮೊಗ್ಗು ಮಾಡಿತು. ಕಾಳಿನ ತೂಕದಲ್ಲಿ ಹತ್ತನೆಯ ಒಂದು ಪಾಲಿನಷ್ಟಿರುವ ತೌಡು, ಮೊಳಕೆಯ ಕಣ್ಣು ಹೋದರೆ ನಾರು, ಕಬ್ಬಿಣ, ಬಿ ವಿಟಮಿನ್ನುಗಳ ಬಹುಪಾಲು ಹೋದ ಹಾಗೆ. ಹೋದದ್ದು ನಷ್ಟವಾಗಿ ಹೋಗಲಿಲ್ಲ, ಲಾಭವಾಗಿ ಹೋಯಿತು. ತೌಡಿನಿಂದ ಎಣ್ಣೆ ತೆಗೆದು 'ಹೃದಯಕ್ಕೆ ಒಳ್ಳೆಯದು' ಅಂತ ಬಾಟಲಿಯಲ್ಲಿ ಮಾರಿದರು. ಹಿಂಡಿ ಪಶು ಆಹಾರವಾಯಿತು. ಬಿ ವಿಟಮಿನ್ನಿನ ಗುಳಿಗೆ ಮೆಡಿಕಲ್ ಶಾಪಿಗೆ ಬಂತು. ಒಂದೇ ಕಾಳನ್ನು ನಾಲ್ಕು ಸಲ ಮಾರಿದರು. ನಮಗೆ ಉಳಿದದ್ದು ಬಿಳಿ ಪಿಷ್ಟ.

ಒನಕೆ ಬಿಟ್ಟ ಕೈಗೆ ಬೀಡಿಯ ಸೂಪು ಬಂತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿಯ ಬಡವರ ಮನೆಗಳಲ್ಲಿ ಎರಡು ಮೂರು ತಲೆಮಾರಿನ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಬೀಡಿಯ ಕಾಸು ಮನೆಗೆ ರೊಕ್ಕದ ಬೆಳಕು ತಂದದ್ದು ನಿಜ. ಆದರೆ ದಿನವಿಡೀ ಸೂಪಿನ ಮುಂದೆ ತಲೆ ಬಗ್ಗಿಸಿ ಕೂತವಳಿಗೆ ಗುಡ್ಡದ ಸೊಪ್ಪು ಕೊಯ್ಯಲು, ಹುರುಳಿ ಬೇಯಿಸಲು ಹೊತ್ತು ಎಲ್ಲಿ? ಚಾ ಮತ್ತು ಬನ್ಸು ಊಟದ ಜಾಗ ಹಿಡಿಯಿತು.

5

ಭೂಮಿಯ ಮಾತು ಬಿಟ್ಟು ಅನ್ನದ ಮಾತು ಆಡಿದರೆ ಅದು ವಂಚನೆ.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮ ಕೇಳಿದ್ದು ಅನ್ನವನ್ನಲ್ಲ, ಗದ್ದೆಯನ್ನು. ಸಿಗದೆ ಸತ್ತ. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರಕಾರದ ಭೂಸುಧಾರಣೆ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಎಂದಿತು. ನಮ್ಮ ಜಿಲ್ಲೆಯಲ್ಲಿ ಅದು ನಿಜವಾಗಿಯೂ ದೊಡ್ಡ ಬದಲಾವಣೆ. ಗೇಣಿಯ ಮುಡಿ ಹೊರುವುದು ನಿಂತಿತು, ಚಾವಡಿಯ ಮೆಟ್ಟಿಲು ಸವೆಸುವುದು ನಿಂತಿತು. ಆದರೆ ಡಿಕ್ಲರೇಶನ್ ಹಾಕಿದ್ದು ಯಾರು? ಗೇಣಿಚೀಟಿ ಇದ್ದ ಒಕ್ಕಲು. ಗೇಣಿಚೀಟಿಯೇ ಇಲ್ಲದ ಮೂಲದಾಳು ಯಾವ ಫಾರಂ ತುಂಬಬೇಕಿತ್ತು? ಒಕ್ಕಲಿಗೆ ಗದ್ದೆ ಸಿಕ್ಕಿತು, ಆಳಿಗೆ ಐದು ಸೆಂಟ್ಸು ಸಿಕ್ಕಿತು. ದಲಿತರಿಗೆಂದು ಕಾಗದದಲ್ಲಿ ಮೀಸಲಿಟ್ಟ ಡಿಸಿ ಮನ್ನಾ ಜಾಗಕ್ಕಾಗಿ ಈ ತಾಲೂಕುಗಳಲ್ಲಿ ಎಷ್ಟು ಅರ್ಜಿ, ಎಷ್ಟು ಧರಣಿ! ತಾಲೂಕು ಕಚೇರಿಯ ಎದುರಿನ ಮರಕ್ಕೆ ಗೊತ್ತು.

ಗದ್ದೆ ಸಿಕ್ಕಿದವರೂ ಗದ್ದೆ ಉಳಿಸಲಿಲ್ಲ. ಭತ್ತಕ್ಕೆ ಬೆಲೆ ಇಲ್ಲ, ಆಳಿಲ್ಲ, ಕಾಡುಹಂದಿ ಕಾಟ. ಬೈಲಿಗೆ ಮಣ್ಣು ತುಂಬಿ ಅಡಿಕೆ ಇಟ್ಟರು, ಗುಡ್ಡಕ್ಕೆ ರಬ್ಬರ್ ಬಂತು. ಒಂದು ಕಾಲಕ್ಕೆ ಅಕ್ಕಿ ರಫ್ತು ಮಾಡಿದ ಸೀಮೆ ಈಗ ಅಡಿಕೆ ಕಳಿಸಿ ಅಕ್ಕಿ ತರಿಸುತ್ತದೆ. ಕಯಮೆ, ಅತಿಕಾರ ಇಂಥ ಭತ್ತದ ತಳಿಗಳನ್ನು ಕೆಲವರು ಮಾತ್ರ ಹಟ ಹಿಡಿದು ಉಳಿಸಿದರು. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನ ಬಿ.ಕೆ. ದೇವರಾವ್ ನೂರಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿದರು. ಗಡಿಯಾಚೆ ಕಾಸರಗೋಡಿನಲ್ಲಿ ಇದೇ ಕೆಲಸ ಮಾಡಿದ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರ ಕೆಲಸ ದೊಡ್ಡದು. ಆದರೆ ಬೀಜ ಉಳಿಸಲಿಕ್ಕೂ ಹಿಡಿ ಮಣ್ಣು ಬೇಕಲ್ಲ? ಆ ಬೀಜದ ಹೆಸರು, ಬಿತ್ತುವ ನಕ್ಷತ್ರ, ನೀರಿನ ಹದ ಎಲ್ಲ ಬಲ್ಲ ನಮ್ಮ ಅಜ್ಜಿಯರಿಗೆ ಬಿತ್ತಲು ಜಾಗವಿರಲಿಲ್ಲ.

ಅಕ್ಕಿ ಬಂದದ್ದು ಸೊಸೈಟಿಯಿಂದ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಯಿತು. ಅದನ್ನು ಹಳಿಯುವವರ ಜೊತೆ ನಾವಿಲ್ಲ. 'ಪುಕ್ಕಟೆ ಅಕ್ಕಿ ಕೊಟ್ಟು ಆಳುಗಳನ್ನು ಸೋಮಾರಿ ಮಾಡಿದರು' ಎಂದು ತೋಟದ ಧಣಿಗಳು ಗೊಣಗಿದ್ದೇ ಅದರ ಬೆಲೆ ಏನೆಂದು ಹೇಳುತ್ತದೆ. ಆಟಿಯ ಹಸಿವನ್ನು ಕೊಂದದ್ದು ಯಾವ ಸಂಸ್ಕೃತಿಯೂ ಅಲ್ಲ, ಪಡಿತರ ಚೀಟಿ. ಆದರೆ ಚೀಲದಲ್ಲಿ ಬಂದದ್ದು ಒಮ್ಮೆ ಬೆಳ್ತಿಗೆ, ಒಮ್ಮೆ ಹೊರಗಿನ ಬಿಳಿ ಕುಚ್ಚಲಕ್ಕಿ. ನಮ್ಮ ಕೆಂಪು ಅಕ್ಕಿಯಲ್ಲ. ಕರಾವಳಿಯ ಸೊಸೈಟಿಗಳಲ್ಲಿ ಸ್ಥಳೀಯ ಕುಚ್ಚಲಕ್ಕಿ ಕೊಡುತ್ತೇವೆ ಎಂದು 2021-22ರಲ್ಲಿ ಸರಕಾರವೇ ಹೇಳಿತು. ಬೆಂಬಲ ಬೆಲೆ ಪೇಟೆಯ ಬೆಲೆಗಿಂತ ಕಡಿಮೆ ಇದ್ದರೆ ರೈತ ಯಾಕೆ ಕೊಡುತ್ತಾನೆ? ಕೊಡಲು ಭತ್ತವಾದರೂ ಎಲ್ಲಿ ಉಳಿದಿತ್ತು?

ಕೊನೆಗೆ ಬಂತು ಸಾರವರ್ಧಿತ ಅಕ್ಕಿ. 2021ರ ಆಗಸ್ಟ್ 15ರಂದು ಕೆಂಪು ಕೋಟೆಯಿಂದ ಘೋಷಣೆಯಾಗಿ, 2024ರ ಮಾರ್ಚ್ ಹೊತ್ತಿಗೆ ದೇಶದ ಪಡಿತರಕ್ಕೆಲ್ಲ ಸೇರಿತು. ಮಾಡುವ ಕ್ರಮ ಕೇಳಿ: ನುಚ್ಚಕ್ಕಿಯನ್ನು ಹಿಟ್ಟು ಮಾಡುತ್ತಾರೆ, ಅದಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ ಹನ್ನೆರಡು ಸೇರಿಸುತ್ತಾರೆ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರ ಕೊಡುತ್ತಾರೆ, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ನಮ್ಮ ಹೆಂಗಸರು ಆ ಕಾಳುಗಳನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಹೆಕ್ಕಿ ಎಸೆದರು. ಪ್ಲಾಸ್ಟಿಕ್ ಅಲ್ಲ, ಅದನ್ನು ಎಸೆಯಬೇಡಿ ಎಂದು ನಾವೇ ಮನೆ ಮನೆಗೆ ಹೇಳಬೇಕಾಯಿತು. ಆದರೆ ಅವರ ಸಂಶಯದಲ್ಲಿ ಒಂದು ನ್ಯಾಯ ಇತ್ತು. ಇದ್ದದ್ದನ್ನು ಒಂದು ಯಂತ್ರದಿಂದ ತೆಗೆದು, ಇಲ್ಲದ್ದನ್ನು ಇನ್ನೊಂದು ಯಂತ್ರದಿಂದ ಸೇರಿಸಿ, ಎರಡಕ್ಕೂ ಗುತ್ತಿಗೆ ಕೊಡುವುದು ಎಂಥ ಬುದ್ಧಿ? ಇಡಿಯ ಅಕ್ಕಿಯನ್ನೇ ಕೊಟ್ಟಿದ್ದರೆ?

6

ಒಂದು ಅಂಗನವಾಡಿಯ ಬಾಗಿಲಲ್ಲಿ ನಿಂತು ನೋಡಿ. ಮಗುವಿನ ಒಂದು ಕೈಯಲ್ಲಿ ಅಮ್ಮನ ಬೆರಳು, ಇನ್ನೊಂದರಲ್ಲಿ ಐದು ರೂಪಾಯಿಯ ಪೊಟ್ಟಣ. ಬೆಟ್ಟದ ತುದಿಯ ಮನೆಗೆ ಡಾಕ್ಟರು ಬರುವುದಿಲ್ಲ, ಬಸ್ಸು ಬರುವುದಿಲ್ಲ, ಪೊಟ್ಟಣ ಬರುತ್ತದೆ. ಅಮ್ಮನನ್ನು ಬಯ್ಯುವುದು ಸುಲಭ. ಕೂಲಿಗೆ ಓಡುವವಳಿಗೆ ಅಳುವ ಮಗುವನ್ನು ಐದು ರೂಪಾಯಿಗೆ ಸುಮ್ಮನಾಗಿಸುವ ಬೇರೆ ದಾರಿ ಯಾವುದು? ಇನ್ನೊಂದು ಸತ್ಯವೂ ಉಂಟು. ಪೊಟ್ಟಣಕ್ಕೆ ಜಾತಿ ಇಲ್ಲ. ಅಂಗಡಿಯವನು ಮೇಲಿನಿಂದ ಎತ್ತಿ ಹಾಕುವುದಿಲ್ಲ, ತೆಂಗಿನ ಚಿಪ್ಪಿನಲ್ಲಿ ಕೊಡುವುದಿಲ್ಲ. ಧಣಿಯ ಮಗ ತಿನ್ನುವ ಅದೇ ಬಣ್ಣದ ಪೊಟ್ಟಣವನ್ನು ನಮ್ಮ ಮಗುವೂ ತಿನ್ನುತ್ತದೆ. ಈ ಆಸೆಯನ್ನು ಅರ್ಥ ಮಾಡಿಕೊಳ್ಳದೆ ಉಪದೇಶ ಮಾಡುವವರ ಮಾತು ಕೇರಿಯೊಳಗೆ ಹೋಗುವುದಿಲ್ಲ.

ಆದರೆ ಅದು ಸಮಾನತೆಯ ವೇಷ ಹಾಕಿದ ವ್ಯಾಪಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹೊಟ್ಟೆ ತುಂಬಿಯೂ ಮೈ ತುಂಬದ ಮಕ್ಕಳು.

ಸರಕಾರದ ಎರಡು ನಾಲಿಗೆ ನೋಡಿ. 2024ರಲ್ಲಿ ಒಂದು ನಾಲಿಗೆ ಅತಿಸಂಸ್ಕರಿತ ಆಹಾರ ಬೇಡ ಎಂದಿತು. 2025ರ ಸೆಪ್ಟೆಂಬರ್ 22ರಿಂದ ಇನ್ನೊಂದು ನಾಲಿಗೆ ಬಿಸ್ಕತ್ತು, ದಿಢೀರ್ ನೂಡಲ್ಸು, ಚಾಕಲೇಟಿನ ಮೇಲಿನ ಜಿಎಸ್‌ಟಿಯನ್ನು ಶೇಕಡ 5ಕ್ಕೆ ಇಳಿಸಿತು. ಲೇಬಲ್ ಅಂಟಿಸಿದ ಚಿಕ್ಕ ಚೀಲದ ಅಕ್ಕಿಯ ಮೇಲೆ 2022ರ ಜುಲೈಯಲ್ಲೇ ಹಾಕಿದ ತೆರಿಗೆಯೂ ಶೇಕಡ 5. ಅಂದರೆ ತೆರಿಗೆಯ ಕಣ್ಣಿಗೆ ಅಕ್ಕಿಯೂ ಒಂದೇ, ನೂಡಲ್ಸೂ ಒಂದೇ. ಮಾರ್ಗಸೂಚಿಯಲ್ಲಿ 'ಲೇಬಲ್ ಓದಿರಿ' ಎನ್ನುವ ಸೂತ್ರವೂ ಉಂಟು. ಓದಬಹುದು. ಆದರೆ ಕಾನೂನಿನ ಪ್ರಕಾರ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು. ಕನ್ನಡ ಕಡ್ಡಾಯವಿಲ್ಲ. ಬೀಡಿ ಕಟ್ಟುವ ತಾಯಿ ಯಾವ ಭಾಷೆಯಲ್ಲಿ ಓದಬೇಕು?

7

ಇಡಿ ಆಹಾರದ ಮಾತಿನ ಬೆನ್ನಿಗೆ ನಮ್ಮ ದೇಶದಲ್ಲಿ ಇನ್ನೊಂದು ಮಾತು ಅಂಟಿಕೊಂಡೇ ಬರುತ್ತದೆ: ಸಾತ್ವಿಕ ಆಹಾರ. ಹಳೆಯ ಮಡಿಗೆ ಹೊಸ ಡಾಕ್ಟರ ಕೋಟು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಮಠಗಳಿಂದ ವಿರೋಧ ಬಂತು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು, ಚಿಕ್ಕಿ ಉಂಟು ಅಂದರೂ ಕೇಳಲಿಲ್ಲ. ಮಕ್ಕಳೇ ಮುಂದೆ ಬಂದು ನಮಗೆ ಮೊಟ್ಟೆ ಬೇಕು ಎಂದರು. 2022ರಲ್ಲಿ ಅದು ಎಲ್ಲ ಜಿಲ್ಲೆಗಳಿಗೂ ಬಂತು, 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಆಯಿತು. ದೇಶದ ಮಾರ್ಗಸೂಚಿ ಮೊಟ್ಟೆ, ಮೀನು, ಮಾಂಸವನ್ನು ಹೆಸರಿಟ್ಟು ಹೇಳುತ್ತದೆ. ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ ದನದ ಮಾಂಸಕ್ಕೂ ಸಾಲು ಉಂಟು. ನಮ್ಮ ರಾಜ್ಯದಲ್ಲಿ 2021ರಿಂದ ಅದಕ್ಕೆ ಇರುವುದು ಜೈಲು. ಬಡವನ ತಟ್ಟೆಯ ಅಗ್ಗದ ಮಾಂಸ ಕಿತ್ತುಕೊಂಡು 'ಪ್ರೋಟೀನ್ ತಿನ್ನಿ' ಎನ್ನುವುದು ಯಾವ ನ್ಯಾಯ?

ಈ ಸೀಮೆಯ ಆಹಾರದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕರಿಯ ಪುಟ ಅಜಲು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ, ತಮ್ಮ ಮನೆಯ ರೋಗ, ದೋಷ ಅವರಿಗೆ ಹೋಯಿತು ಎಂದು ನಂಬಿದ ನಾಡಿದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಆ ಕಾಯ್ದೆಯ ಪುಟದಲ್ಲೇ ಕೂದಲು, ಉಗುರು ಎಂಬ ಶಬ್ದಗಳು ಇವೆ. ಶುದ್ಧ ಆಹಾರ ಎನ್ನುವ ಮಾತನ್ನು ನಾವು ಕೇಳುವಾಗ ನಮ್ಮ ಕಿವಿಗೆ ಈ ಎರಡು ಶಬ್ದಗಳೂ ಕೇಳುತ್ತವೆ. ಈಗ ಸರಕಾರ ಕೊರಗರ ಮನೆಗಳಿಗೆ ಬೇಳೆ, ಮೊಟ್ಟೆ, ಬೆಲ್ಲ, ಎಣ್ಣೆಯ ಪೌಷ್ಟಿಕ ಆಹಾರ ಕೊಡುತ್ತದೆ. ಕೊಡಲೇಬೇಕು. ಅದು ದಾನ ಅಲ್ಲ, ಬಾಕಿ.

8

ಈಗ ನಾವು ಏನು ಮಾಡಬೇಕು? ಭಾಷಣ ಸಾಕು, ಕೆಲಸ ಹೇಳಿ ಅನ್ನುವ ಗೆಳೆಯರಿಗೆ ನಾಲ್ಕು ಮಾತು.

ಊರಿನ ಮಾಸ್ಟ್ರುಗಳೇ, ಟೀಚರುಗಳೇ, ಮಕ್ಕಳಿಂದ ಒಂದು ಕೆಲಸ ಮಾಡಿಸಿ. ಅಜ್ಜಿ ಆಟಿಯಲ್ಲಿ ಏನು ತಿಂದರು, ಯಾಕೆ ತಿಂದರು, ಯಾರ ಭತ್ತ ಕುಟ್ಟಿದರು ಅಂತ ಕೇಳಿ ಬರೆಯಲಿ. ರುಚಿಯ ಜೊತೆಗೆ ನೋವನ್ನೂ ಬರೆಯಲಿ. ಶಾಲೆಯಲ್ಲಿ 'ಆಟಿಡೊಂಜಿ ದಿನ' ಮಾಡುವುದಾದರೆ ಆ ಅಜ್ಜಿಯರನ್ನು ವೇದಿಕೆಯ ಮೇಲೆ ಕೂರಿಸಿ, ಅಡುಗೆಮನೆಯಲ್ಲಿ ಅಲ್ಲ.

ಪಂಚಾಯತಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ನಮ್ಮ ಸೊಸೈಟಿಗೆ, ನಮ್ಮ ಅಂಗನವಾಡಿಗೆ, ನಮ್ಮ ಶಾಲೆಗೆ ತೌಡು ಉಳಿದ ಕೆಂಪು ಕುಚ್ಚಲಕ್ಕಿ ಬೇಕು. ಭತ್ತಕ್ಕೆ ಬೆಳೆಯುವವನು ಬದುಕುವಷ್ಟು ಬೆಲೆ ಬೇಕು. ಒನಕೆ ಬೇಡ, ಕಡಿಮೆ ಪಾಲಿಶ್ ಮಾಡುವ ಸಣ್ಣ ಮಿಲ್ಲು ಊರಿಗೊಂದು ಬೇಕು, ಅದು ಹೆಂಗಸರ ಸಂಘದ ಕೈಯಲ್ಲಿ ಇರಬೇಕು.

ಹಡಿಲು ಬಿದ್ದ ಗದ್ದೆಗಳು ಇವೆ, ಭೂಮಿಯಿಲ್ಲದ ಕೈಗಳು ಇವೆ. ಇವೆರಡನ್ನೂ ಕೂಡಿಸದ ಸರಕಾರ ಎಷ್ಟು ಸೂತ್ರ ಬರೆದರೂ ಅದು ಕಾಗದದ ಊಟ. ಡಿಸಿ ಮನ್ನಾ ಜಾಗದ ಹೋರಾಟ ಬೇರೆ, ಆಹಾರದ ಹೋರಾಟ ಬೇರೆ ಎಂದು ತಿಳಿಯಬೇಡಿ. ಎರಡೂ ಒಂದೇ ಹೊಟ್ಟೆಯಿಂದ ಎದ್ದವು.

ಪೊಟ್ಟಣದ ಲೇಬಲ್ಲು ಕನ್ನಡದಲ್ಲಿ ಇರಲಿ. ಅಲ್ಲಿಯವರೆಗೆ ನಮ್ಮ ಹುಡುಗ ಹುಡುಗಿಯರು ಕೇರಿಯಲ್ಲಿ ಕೂತು ಓದಿ ಹೇಳಲಿ. ಬಯ್ಯದೆ ಹೇಳಲಿ.

ಕೊನೆಗೊಂದು ನೆನಪು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ನಾಡು ಹೊತ್ತಿಕೊಂಡಿತು, ಅವರು ಮಂತ್ರಿ ಪದವಿ ಕಳೆದುಕೊಂಡರು, ಆ ಬೆಂಕಿಯಲ್ಲೇ ನಮ್ಮ ಚಳುವಳಿ ಕಣ್ಣು ಬಿಟ್ಟಿತು. ಬೂಸಾ ಅಂದರೆ ದನದ ಮುಂದೆ ಸುರಿಯುವ ತೌಡು, ಹೊಟ್ಟು, ಬೈಗುಳ. ಐವತ್ತು ವರ್ಷದ ನಂತರ ಡಾಕ್ಟರು ಹೇಳುತ್ತಾರೆ, ಸತ್ವ ಎಲ್ಲ ತೌಡಿನಲ್ಲೇ ಇತ್ತು, ನೀವು ಬಿಸಾಡಿದಿರಿ ಎಂದು.

ನಾವು ಬಿಸಾಡಲಿಲ್ಲ ಸ್ವಾಮಿ. ನಮ್ಮನ್ನೇ ತೌಡಿನ ಹಾಗೆ ಕೇರಿ ಹೊರಗೆ ಹಾಕಿದ್ದರು. ಈಗ ತೌಡಿಗೆ ಬೆಲೆ ಬಂದಿದೆ. ಕುಟ್ಟಿದ ಕೈಗೆ ಯಾವಾಗ ಬರುತ್ತದೆ? ಆ ಲೆಕ್ಕ ಚುಕ್ತಾ ಆಗುವವರೆಗೆ ನಾವು ಸಾಲಿನಿಂದ ಕದಲುವುದಿಲ್ಲ.